ಮಹಾಮಾಂತ್ರಿಕ ತಟ್ಟೆ ತೊಳೆದಾಗ: ಲೆ ಗ್ವಿನ್ ಅವರ 'ಟೆಹಾನು' ಕುರಿತು

ರಾಜನಿಗೆ ಪಟ್ಟ ಕಟ್ಟಿದ ಕೂಡಲೇ ಮಹಾಕಥೆಗಳು ಮುಗಿದುಹೋಗುತ್ತವೆ. ದುಷ್ಟ ಸತ್ತ, ಸಿಂಹಾಸನ ತುಂಬಿತು, ಮಳೆ ಬೆಳೆ ಚೆನ್ನಾಯಿತು, ಮಂಗಳ. ಮರುದಿನ ಚಪ್ಪರ ಬಿಚ್ಚಿದವರು ಯಾರು, ಎಂಜಲೆಲೆ ಎತ್ತಿದವರು ಯಾರು ಅನ್ನೋದು ಕಥೆಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ. ಹೇಳಬೇಕಾದರೆ ಕಥೆಯನ್ನು ಅರಮನೆಯಿಂದ ಎಬ್ಬಿಸಿ ಹಿತ್ತಿಲಿಗೆ ಕರೆತರಬೇಕು. ಅದು ಎಲ್ಲರ ಕೈಲಿ ಆಗುವ ಕೆಲಸವಲ್ಲ.

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929–2018) ಈ ಕೆಲಸ ಮಾಡಿದರು. ಅದೂ ಬೇರೆ ಯಾರದೋ ಕಥೆಗಲ್ಲ, ತಮ್ಮದೇ ಕಥೆಗೆ. 'ಅರ್ತ್‌ಸೀ' ಎಂಬ ದ್ವೀಪಗಳ ಲೋಕವನ್ನು ಕಟ್ಟಿ, ಅದರಲ್ಲಿ ಮಾಂತ್ರಿಕರನ್ನೂ ಬೆಂಕಿಯುಗುಳುವ ಡ್ರ್ಯಾಗನ್‌ಗಳನ್ನೂ ಬಿಟ್ಟು, 1968, 1971, 1972ರಲ್ಲಿ ಮೂರು ಕಾದಂಬರಿ ಬರೆದರು. ಮೂರನೆಯದಕ್ಕೆ 1973ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯೂ ಬಂತು. ಹೀರೋ ಲೋಕ ಉಳಿಸಿದ, ರಾಜ ಪಟ್ಟಕ್ಕೆ ಬಂದ, ಕಥೆ ಸಂಪನ್ನವಾಯಿತು. ಓದಿದವರೆಲ್ಲ ಇನ್ನು ಮುಗಿಯಿತು ಅಂದುಕೊಂಡರು. 18 ವರ್ಷ ಕಳೆದ ಮೇಲೆ, 1990ರಲ್ಲಿ, ಅದೇ ಲೋಕದ ನಾಲ್ಕನೆಯ ಪುಸ್ತಕ ಬಂತು. ಅದೇ 'ಟೆಹಾನು'. ಆ ಪುಸ್ತಕ ತನ್ನ ಹಿಂದಿನ ಮೂರಕ್ಕೂ ಒಂದು ಪ್ರಶ್ನೆ ಕೇಳುತ್ತದೆ: ನೀವು ಹೇಳಿದ ಕಥೆಯಲ್ಲಿ ಯಾರು ಯಾರು ಇರಲಿಲ್ಲ?

ಡ್ರ್ಯಾಗನ್ ಕಥೆ ಕಟ್ಟಿಕೊಂಡು ನಮಗೇನಾಗಬೇಕು ಅಂತ ನಮ್ಮ ಓದುಗರು ಕೇಳಬಹುದು. ಕೇಳಬೇಕಾದ್ದೇ. ಹೊಟ್ಟೆ ತುಂಬಿದವರ ಕಾಲಕ್ಷೇಪಕ್ಕೆ ಹುಟ್ಟಿದ ಕಥೆಗಳು ರಾಶಿ ಬಿದ್ದಿವೆ. ಆದರೆ ಅಧಿಕಾರ ಎಲ್ಲಿಂದ ಬರುತ್ತದೆ, ಅದನ್ನು ಯಾರು ಯಾರಿಗೆ ಕೊಡುವುದಿಲ್ಲ ಎಂಬುದನ್ನು ನೇರವಾಗಿ ಹೇಳಲು ವಾಸ್ತವದ ಕಾದಂಬರಿ ಎಷ್ಟೋ ಸಲ ತಿಣುಕುತ್ತದೆ. ಮಂತ್ರದ ಕಥೆಯಲ್ಲಿ ಅಧಿಕಾರ ಬರಿಗಣ್ಣಿಗೇ ಕಾಣುತ್ತದೆ. ಅರ್ತ್‌ಸೀಯಲ್ಲಿ ಅಧಿಕಾರ ಅಂದರೆ ಒಂದು ಭಾಷೆ. ಲೋಕವನ್ನು ಸೃಷ್ಟಿಸಿದ ಆದಿಭಾಷೆ. ಅದರಲ್ಲಿ ಪ್ರತಿ ವಸ್ತುವಿಗೂ ನಿಜ ಹೆಸರಿದೆ. ಆ ಹೆಸರು ಗೊತ್ತಿದ್ದವನು ಆ ವಸ್ತುವನ್ನು ಆಳುತ್ತಾನೆ. ಆ ಭಾಷೆ ಕಲಿಸುವ ಮಹಾಶಾಲೆ ರೋಕ್ ಎಂಬ ದ್ವೀಪದಲ್ಲಿದೆ. ಅಲ್ಲಿಗೆ ಗಂಡಸರಿಗೆ ಮಾತ್ರ ಪ್ರವೇಶ. ಹೆಂಗಸರು ಊರಲ್ಲಿ ಬಸುರಿ ಬಾಣಂತಿ ನೋಡಿಕೊಂಡು, ಮೂಳೆ ಕೂರಿಸಿಕೊಂಡು, ಚಿಲ್ಲರೆ ಮಾಟ ಮಾಡಿಕೊಂಡು ಇರಬಹುದು. ಹೆಂಗಸಿನ ಮಂತ್ರ ಬಲವಿಲ್ಲದ್ದು, ಕೇಡಿನದ್ದು ಎಂಬ ಗಾದೆಗಳೇ ಆ ಲೋಕದಲ್ಲಿ ಓಡಾಡುತ್ತವೆ. ಭಾಷೆಯೊಂದನ್ನು ಬೀಗ ಹಾಕಿ ಇಟ್ಟುಕೊಂಡು, ಹೊರಗಿದ್ದವರನ್ನು ದಡ್ಡರು ಅನ್ನುವ ವಿದ್ಯೆ ನಮ್ಮ ಓದುಗರಿಗೆ ವಿವರಿಸಬೇಕಾದ ಸಂಗತಿಯಲ್ಲ.

ಮೊದಲ ಪುಸ್ತಕದ ಗೆಡ್ ಮೇಲಿನವರ ಮನೆಯಲ್ಲಿ ಹುಟ್ಟಿದವನಲ್ಲ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಕಂಚುಗಾರನ ಮಗ, ತಾಯಿಯಿಲ್ಲದ ಕೂಸು, ಆಡು ಮೇಯಿಸುವ ಹುಡುಗ. ಅವನಿಗೆ ಮೊದಲ ಮಂತ್ರ ಹೇಳಿಕೊಟ್ಟದ್ದು ಊರ ಮಾಟಗಾತಿಯಾಗಿದ್ದ ಅವನ ದೊಡ್ಡಮ್ಮ. ಅವನು ರೋಕ್‌ಗೆ ಹೋದ, ಎಲ್ಲರ ಮೇಲಿನ ಮಹಾಮಾಂತ್ರಿಕನಾದ. ದೊಡ್ಡಮ್ಮ ಅಲ್ಲೇ ಉಳಿದಳು. ಎರಡನೆಯ ಪುಸ್ತಕದ ಟೆನಾರ್ ಐದು ವರ್ಷದ ಮಗುವಿದ್ದಾಗಲೇ ಅಪ್ಪ ಅಮ್ಮನಿಂದ ಕಿತ್ತುಕೊಂಡು ದೇವರಿಗೆ ಬಿಟ್ಟವಳು. ಅವಳ ಹೆಸರನ್ನು ಅಳಿಸಿ 'ತಿನ್ನಲ್ಪಟ್ಟವಳು' ಎಂಬ ಅರ್ಥದ ಹೆಸರಿಟ್ಟು, ನೆಲದಡಿಯ ಕತ್ತಲೆಯ ದೇವತೆಗಳಿಗೆ ಪೂಜಾರಿಣಿ ಮಾಡಿದರು. ಗೆಡ್‌ನ ಜೊತೆ ಅವಳು ಆ ಕತ್ತಲೆಯಿಂದ ಹೊರಗೆ ಬಂದಳು. ಹೊರಗೆ ಬಂದ ಹೆಣ್ಣು ಏನಾದಳು? ಆ ಪುಸ್ತಕ ಹೇಳಲಿಲ್ಲ, ಮೂರನೆಯದರಲ್ಲಿ ಅವಳ ಸುದ್ದಿಯೇ ಹೆಚ್ಚಿಲ್ಲ. 'ಟೆಹಾನು' ಅಲ್ಲಿಂದ ಶುರುವಾಗುತ್ತದೆ.

ಟೆನಾರ್ ಈಗ ನಡುವಯಸ್ಸಿನ ವಿಧವೆ. ಗಾಂಟ್‌ನ ರೈತನೊಬ್ಬನನ್ನು ಮದುವೆಯಾಗಿ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಮಗಳು ಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದಾಳೆ, ಮಗ ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ಒಂದು ದಿನ ಗೆಳತಿ ಓಡಿಬಂದು ಕರೆಯುತ್ತಾಳೆ. ಅಲೆಮಾರಿಗಳ ಗುಂಪೊಂದು ಒಂದು ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಮಾಡಿ, ಹೊಡೆದು, ಉರಿಯುವ ಬೆಂಕಿಗೆ ನೂಕಿ ಹೋಗಿದೆ. ನೂಕಿದವರು ಬೇರೆಯವರಲ್ಲ, ಮಗುವಿನ ಸ್ವಂತದವರೇ. ಮಗು ಬದುಕುತ್ತದೆ. ಮುಖದ ಬಲಭಾಗ ಸುಟ್ಟು, ಬಲಗಣ್ಣು ಹೋಗಿ, ಬಲಗೈ ಹಕ್ಕಿಯ ಉಗುರಿನ ಹಾಗೆ ಮುದುಡಿದೆ. ಟೆನಾರ್ ಅದನ್ನು ಸಾಕಿಕೊಂಡು 'ಥೆರ್ರು' ಎಂದು ಹೆಸರಿಡುತ್ತಾಳೆ. ಅವಳ ಮಾತೃಭಾಷೆಯಲ್ಲಿ ಅದಕ್ಕೆ ಉರಿಯುವ ಬೆಂಕಿ ಎಂದರ್ಥ.

ಮಂತ್ರದ ಕಥೆಯಲ್ಲಿ ಇಂಥ ಗಾಯ ಒಂದು ಪುಟದಲ್ಲಿ ವಾಸಿಯಾಗಬೇಕು. ಮುನಿ ಬರಬೇಕು, ಮಂತ್ರಜಲ ಚಿಮುಕಿಸಬೇಕು, ಮುಖ ಚಂದ್ರನಾಗಬೇಕು. ಇಲ್ಲಿ ಹಾಗಾಗುವುದಿಲ್ಲ. ಕೊನೆಯ ಪುಟದವರೆಗೂ ಮಗುವಿನ ಮುಖ ಸುಟ್ಟೇ ಇರುತ್ತದೆ. ಇದು ಲೇಖಕಿಯ ಮೊದಲ ಪ್ರಾಮಾಣಿಕತೆ. ಎರಡನೆಯದು ಇನ್ನೂ ಕಠಿಣ. ಆ ಮಗುವನ್ನು ಊರು ಹೇಗೆ ನೋಡುತ್ತದೆ ಎಂಬುದನ್ನು ಅವರು ಬಿಡದೆ ಬರೆಯುತ್ತಾರೆ. ಜನ ಮುಖ ತಿರುಗಿಸುತ್ತಾರೆ. ಅಂಟುರೋಗವೇನೋ ಎಂಬ ಹಾಗೆ ದೂರ ನಿಲ್ಲುತ್ತಾರೆ. ಇಷ್ಟು ಕೇಡು ಆಗಿದೆ ಅಂದರೆ ಇದರಲ್ಲೇ ಏನೋ ಕೇಡಿರಬೇಕು ಎಂಬ ಲೆಕ್ಕ ಊರಿನ ತಲೆಯಲ್ಲಿ ತಾನಾಗಿ ನಡೆಯುತ್ತದೆ. ಹೊಡೆತ ತಿಂದವನ ಮೈಮೇಲೆ ಹೊಡೆದವನ ಪಾಪವನ್ನು ಬರೆಯುವ ಲೆಕ್ಕ ಇದು. ಕೆಟ್ಟ ಜನರಷ್ಟೇ ಹೀಗೆ ಯೋಚಿಸುವುದಿಲ್ಲ, ಒಳ್ಳೆಯವರೂ ಯೋಚಿಸುತ್ತಾರೆ. ಐವಿ ಎಂಬ ಮಾಟಗಾತಿ ಈ ಮಗುವಿಗೆ ವಿದ್ಯೆ ಕಲಿಸಲಾರೆ, ಹೆದರಿಕೆಯಾಗುತ್ತದೆ ಅನ್ನುತ್ತಾಳೆ. ಮಂತ್ರಶಾಲೆಯ ಹೊರಗೆ ನಿಂತವಳೇ ತನ್ನ ಬಾಗಿಲನ್ನು ಇನ್ನೊಬ್ಬಳ ಮುಖಕ್ಕೆ ಮುಚ್ಚುತ್ತಾಳೆ. ಮೆಟ್ಟಿಲ ಮೇಲೆ ಮೆಟ್ಟಿಲಾಗಿ ನಿಂತ ಸಮಾಜದಲ್ಲಿ ಪ್ರತಿಯೊಬ್ಬರ ಕಾಲಡಿಗೂ ಇನ್ನೊಬ್ಬರ ತಲೆ ಇರುತ್ತದೆ ಎಂಬ ಸತ್ಯವನ್ನು ಲೆ ಗ್ವಿನ್ ಭಾಷಣವಿಲ್ಲದೆ ಹೇಳಿಬಿಡುತ್ತಾರೆ.

ಇನ್ನು ಗೆಡ್‌ನ ಕಥೆ. ಮೂರನೆಯ ಪುಸ್ತಕದ ಕೊನೆಗೆ ಅವನು ಸಾವು ಬದುಕಿನ ನಡುವೆ ತೆರೆದುಕೊಂಡಿದ್ದ ಬಾಗಿಲನ್ನು ಮುಚ್ಚಿ, ಅದಕ್ಕಾಗಿ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿದ್ದ. ಆ ಪುಸ್ತಕದಲ್ಲಿ ಅವನು ಡ್ರ್ಯಾಗನ್ ಬೆನ್ನೇರಿ ಹಾರಿಹೋಗುವ ದೃಶ್ಯ ಭವ್ಯವಾಗಿತ್ತು. ಹಾರಿಹೋದವನು ಎಲ್ಲಾದರೂ ಇಳಿಯಬೇಕಲ್ಲ? ಅವನು ಇಳಿದದ್ದು ಗಾಂಟ್‌ನಲ್ಲಿ, ಟೆನಾರ್‌ಳ ಮುಂದೆ, ಅರೆಜೀವವಾಗಿ. ಕಲೆಸ್ಸಿನ್ ಎಂಬ ಅತಿ ಹಿರಿಯ ಡ್ರ್ಯಾಗನ್ ಅವನನ್ನು ಮೂಟೆ ಇಳಿಸಿದ ಹಾಗೆ ಇಳಿಸಿ ಹೋಗುತ್ತದೆ. ರಾಜ ತನ್ನ ಜನರನ್ನು ಕಳಿಸಿ, ಪಟ್ಟಾಭಿಷೇಕಕ್ಕೆ ಬನ್ನಿ ಅನ್ನುತ್ತಾನೆ. ಗೆಡ್ ನಾಚಿಕೆಯಿಂದ ಬೆಟ್ಟಕ್ಕೆ ಓಡಿಹೋಗಿ ಮತ್ತೆ ಆಡು ಕಾಯುತ್ತಾನೆ. ಅಧಿಕಾರ ಹೋದ ಮೇಲೆ ಗಂಡಸು ಏನು? ಈ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಟೆನಾರ್‌ಗೆ ಮೊದಲು ಅವನ ಅಳಲೇ ಅರ್ಥವಾಗುವುದಿಲ್ಲ. ಯಾಕೆಂದರೆ ಅಧಿಕಾರವಿಲ್ಲದೆ ಬದುಕುವುದು ಅವಳಿಗೆ ದಿನನಿತ್ಯದ ಬಾಳು. ಅದನ್ನು ದುರಂತ ಅಂತ ಅವಳು ಕರೆದಿರಲಿಲ್ಲ.

ಮುಂದೆ ಅವಳ ಮನೆಗೆ ಪುಂಡರು ನುಗ್ಗಲು ಬಂದ ರಾತ್ರಿ ಗೆಡ್ ಹುಲ್ಲು ಎತ್ತುವ ಕವೆಗೋಲಿನಿಂದ ಒಬ್ಬನನ್ನು ತಿವಿಯುತ್ತಾನೆ. ಮಾಂತ್ರಿಕನ ದಂಡ ಹೋಗಿ ರೈತನ ಕವೆಗೋಲು ಕೈಗೆ ಬಂತು. ಆಮೇಲೆ ಅವನು ಆ ಮನೆಯಲ್ಲೇ ಉಳಿಯುತ್ತಾನೆ, ಇಬ್ಬರೂ ಜೊತೆಯಾಗುತ್ತಾರೆ. ಆಗ ಹಡಗಿಗೆ ಹೋಗಿದ್ದ ಮಗ ಸ್ಪಾರ್ಕ್ ವಾಪಸು ಬರುತ್ತಾನೆ. ತಾಯಿ ವರ್ಷಗಟ್ಟಲೆ ಗೇದು ಉಳಿಸಿದ ಹೊಲ ಮನೆ ಕಾನೂನಿನ ಪ್ರಕಾರ ಅವನದು. ಅವನು ದುಷ್ಟನೇನಲ್ಲ. ಊಟ ಮಾಡುತ್ತಾನೆ, ಎದ್ದು ಹೋಗುತ್ತಾನೆ. ತಟ್ಟೆ ಅಲ್ಲೇ ಇರುತ್ತದೆ. ತೊಳೆಯೋದು ಹೆಂಗಸರ ಕೆಲಸ ಅನ್ನೋದು ಅವನ ತಿಳುವಳಿಕೆ. ಡ್ರ್ಯಾಗನ್‌ಗಳ ಜೊತೆ ಮಾತಾಡಿದ್ದ ಗೆಡ್ ಮಾತ್ರ ಆ ಅಡಿಗೆಮನೆಯಲ್ಲಿ ಸುಮ್ಮನೆ ತಟ್ಟೆ ತೊಳೆಯುತ್ತಾನೆ. ಇವನನ್ನು ಹೀಗೆ ಬೆಳೆಸಿದವಳು ನಾನೇ ಅಲ್ಲವೆ ಎಂಬ ನೋವು ಟೆನಾರ್‌ಗೆ. ನಮ್ಮ ಪ್ರಕಾರ ಇಡೀ ಸರಣಿಯಲ್ಲೇ ಅತಿ ದೊಡ್ಡ ಯುದ್ಧ ಇದು. ಮೂರು ಪುಸ್ತಕ ಕಳೆದರೂ ಯಾರ ಕಣ್ಣಿಗೂ ಬೀಳದಿದ್ದ ತಟ್ಟೆ ನಾಲ್ಕನೆಯದರಲ್ಲಿ ಕಾಣಿಸಿತು.

ರೋಕ್ ದ್ವೀಪದ ಪಂಡಿತರ ಪ್ರಸಂಗ ಇನ್ನೂ ಸೊಗಸು. ಗೆಡ್ ಹೋದ ಮೇಲೆ ಮಹಾಮಾಂತ್ರಿಕನ ಪೀಠ ಖಾಲಿ. ಶಾಲೆಯ ಗುರುಗಳು ಸೇರಿ ಆರಿಸಲಾಗದೆ ಕೂತಾಗ, ಅವರಲ್ಲೇ ಒಬ್ಬನ ಬಾಯಿಂದ 'ಗಾಂಟ್‌ನಲ್ಲಿ ಒಬ್ಬ ಹೆಂಗಸು' ಎಂಬರ್ಥದ ಮಾತು ದರ್ಶನದ ಹಾಗೆ ಹೊರಬೀಳುತ್ತದೆ. ಸರಿ, ಹುಡುಕೋಣ ಎಂದು ಹೊರಡುತ್ತಾರೆ. ಏನನ್ನು? ಆ ಹೆಂಗಸಿನ ಮಗನನ್ನೋ, ಅಣ್ಣನನ್ನೋ! ಹೆಂಗಸು ಅಂದರೆ ದಾರಿ ತೋರಿಸುವ ಕೈಮರ, ಊರು ಬೇರೆ ಎಲ್ಲೋ ಇದೆ. ಹೆಂಗಸೇ ಉತ್ತರವಾಗಿರಬಹುದು ಎಂಬ ಯೋಚನೆ ಆ ಜ್ಞಾನಿಯ ತಲೆಯೊಳಗೆ ಕಾಲಿಡಲು ಜಾಗವಿಲ್ಲ. ಟೆನಾರ್ ಅವನ ಮುಂದೆಯೇ ಕೂತಿದ್ದಾಳೆ. ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಓದಿದವನು. ಅವನ ಓದೇ ಅವನ ಕಿವಿಗೆ ಹೆಟ್ಟಿದ ಹತ್ತಿ.

ಹಾಗೆಂದು ಲೆ ಗ್ವಿನ್ ಹೆಣ್ಣನ್ನು ಗುಡಿಯಲ್ಲಿ ಕೂರಿಸುವುದಿಲ್ಲ. ಮಾಸ್ ಎಂಬ ಮುದಿ ಮಾಟಗಾತಿ ಇದ್ದಾಳೆ, ಕೊಳಕು ಸೀರುಂಡೆ ತಲೆ, ಒಳ್ಳೆಯ ಜೀವ. ಹೆಣ್ಣಿನ ಶಕ್ತಿ ಆಳದ್ದು, ಬೇರಿನದ್ದು, ಕತ್ತಲೆಯದ್ದು ಎಂದು ಅವಳು ಹಾಡಿನ ಹಾಗೆ ಹೊಗಳುತ್ತಾಳೆ. ಟೆನಾರ್ ಅದಕ್ಕೆ ತಲೆಯಾಡಿಸುವುದಿಲ್ಲ. ಕತ್ತಲೆಯಲ್ಲಿ ನಿಜವಾಗಿ ಬದುಕಿ ಬಂದವಳಿಗೆ ಕತ್ತಲೆಯ ಹೊಗಳಿಕೆ ರುಚಿಸುವುದಿಲ್ಲ. ತುಳಿದವನು ಕೊಟ್ಟ ಜಾಗವನ್ನೇ ಪವಿತ್ರ ಸ್ಥಳ ಅಂತ ಅಲಂಕಾರ ಮಾಡಿಕೊಂಡು ಕೂರುವುದು ಬಿಡುಗಡೆಯಲ್ಲ ಎಂಬ ಎಚ್ಚರ ಇದು. ನಮ್ಮ ಚಳುವಳಿಯ ಗೆಳೆಯರು ಈ ಜಾಗವನ್ನು ಎರಡು ಸಲ ಓದಬೇಕು.

ಈಗ ಕೊನೆಯ ಅಧ್ಯಾಯಕ್ಕೆ ಬರೋಣ. ಮೆಚ್ಚುಗೆಗೂ ಜಗಳಕ್ಕೂ ಅಲ್ಲೇ ಜಾಗ. ಊರ ದೊರೆಯ ಮಾಂತ್ರಿಕ ಆಸ್ಪೆನ್, ಹೆಂಗಸರೆಂದರೆ ಹೇಸುವವನು, ಟೆನಾರ್ ಮತ್ತು ಗೆಡ್‌ನನ್ನು ಮಂತ್ರದಿಂದ ಕಟ್ಟಿಹಾಕಿ, ಅವಳನ್ನು ನಾಯಿಯ ಹಾಗೆ ತೆವಳಿಸಿ, ಕೊನೆಗೆ ಬೆಟ್ಟದಂಚಿಗೆ ಸಾಯಿಸಲು ನಡೆಸುತ್ತಾನೆ. ಅಲ್ಲಿಯವರೆಗೆ ಹೆಚ್ಚೂ ಕಮ್ಮಿ ಇಡೀ ಪುಸ್ತಕ ಟೆನಾರ್‌ಳ ಕಣ್ಣಿನಿಂದ ಸಾಗಿತ್ತು. ಇಲ್ಲಿ ತಟಕ್ಕನೆ ಕಥೆ ಸುಟ್ಟ ಮಗುವಿನ ಕಣ್ಣಿಗೆ ಜಿಗಿಯುತ್ತದೆ. ಇಷ್ಟು ದಿನ ಎಲ್ಲರೂ ನೋಡಿ ಮುಖ ತಿರುಗಿಸುತ್ತಿದ್ದ ಮಗು ಈಗ ತಾನೇ ನೋಡುತ್ತದೆ. ಯಾರ ನಿಜ ಹೆಸರೇನು ಎಂಬುದೆಲ್ಲ ಅದಕ್ಕೆ ಕಾಣುತ್ತದೆ. ಬೆಟ್ಟದಂಚಿಗೆ ಓಡಿಹೋಗಿ, ಯಾರೂ ಕಲಿಸದಿದ್ದ ಆದಿಭಾಷೆಯಲ್ಲಿ ಕಲೆಸ್ಸಿನ್‌ನನ್ನು ಕೂಗುತ್ತದೆ. ಡ್ರ್ಯಾಗನ್ ಬರುತ್ತದೆ, ಮಾಂತ್ರಿಕನನ್ನು ಸುಡುತ್ತದೆ, ಮಗುವನ್ನು 'ಟೆಹಾನು' ಎಂಬ ಅದರ ನಿಜ ಹೆಸರಿಂದ ಮಗಳೇ ಎಂದು ಕರೆಯುತ್ತದೆ. ಮಗು ಈಗಲೇ ಹಾರಿಹೋಗದೆ ಟೆನಾರ್ ಮತ್ತು ಗೆಡ್‌ನ ಜೊತೆ ಉಳಿಯುತ್ತೇನೆ ಅನ್ನುತ್ತದೆ.

ಇದರಲ್ಲಿ ಒಂದು ದೊಡ್ಡ ಮಾತಿದೆ. ರೋಕ್‌ನ ಹುಡುಗರು ವರ್ಷಗಟ್ಟಲೆ ಗಿಣಿಪಾಠ ಮಾಡಿ ಕಲಿಯುವ ಆದಿಭಾಷೆ ಡ್ರ್ಯಾಗನ್‌ಗಳಿಗೆ ಮನೆಮಾತು. ಶಾಲೆ ಯಾರಿಗೆ ಬೀಗ ಹಾಕಿತ್ತೋ ಅವಳ ನಾಲಗೆಯ ಮೇಲೇ ಆ ಭಾಷೆ ಕೂತಿತ್ತು. ಕದ್ದವರು ಕಲಿಯಬೇಕಾಯಿತು, ಕಳಕೊಂಡವಳಿಗೆ ನೆನಪಾದರೆ ಸಾಕಾಯಿತು. ಪುಸ್ತಕದ ನಡುವೆ ಬಣ್ಣ ಬರೆದ ಒಂದು ಬೀಸಣಿಗೆ ಬರುತ್ತದೆ. ಒಂದು ಬದಿಗೆ ಮನುಷ್ಯರು, ಇನ್ನೊಂದು ಬದಿಗೆ ಡ್ರ್ಯಾಗನ್‌ಗಳು. ಬೆಳಕಿಗೆ ಹಿಡಿದರೆ ಎರಡೂ ಒಂದಾಗಿ ಮನುಷ್ಯರಿಗೆ ರೆಕ್ಕೆ ಮೂಡುತ್ತದೆ. ಮನುಷ್ಯರೂ ಡ್ರ್ಯಾಗನ್‌ಗಳೂ ಒಂದು ಕಾಲಕ್ಕೆ ಒಂದೇ ಕುಲ ಎಂಬ ಹಳೆಯ ಕಥೆಯ ಚಿತ್ರ ಅದು.

ಆದರೆ ನಮ್ಮ ಜಗಳವೂ ಇಲ್ಲೇ. ಸುಟ್ಟ ಮಗು ಕೊನೆಗೆ ಡ್ರ್ಯಾಗನ್ ಮಗಳು ಎಂದು ತಿಳಿಯಬೇಕೆ? ಬರೀ ಬಡವರ ಮಗುವಾಗಿದ್ದರೆ ಅದರ ಬೆಲೆ ಕಮ್ಮಿಯಾಗುತ್ತಿತ್ತೆ? ಸೂತನ ಮನೆಯಲ್ಲಿ ಬೆಳೆದ ಕರ್ಣ ಶೂರನೆಂದು ಒಪ್ಪಬೇಕಾದರೆ ಅವನನ್ನು ಸೂರ್ಯನ ಮಗ ಮಾಡಲೇಬೇಕಾಯಿತು. ಸೂತನ ಸ್ವಂತ ಮಗ ಬಿಲ್ಲು ಹಿಡಿದರೆ ಕಥೆ ಸಹಿಸುವುದಿಲ್ಲ. ಈ ರೋಗದ ವಾಸನೆ 'ಟೆಹಾನು'ವಿನ ಕೊನೆಯಲ್ಲೂ ಇದೆ. ಇನ್ನೊಂದು: ಆಸ್ಪೆನ್ ಒಂದೇ ಉಸಿರಿಗೆ ಬೂದಿಯಾದ, ಒಪ್ಪಿದೆವು. ಹೊಲವನ್ನು ತಾಯಿಯಿಂದ ಮಗನಿಗೆ ದಾಟಿಸಿದ ಕಾನೂನು ಎಲ್ಲಿ ಸುಟ್ಟಿತು? ಸ್ಪಾರ್ಕ್‌ನ ತಟ್ಟೆಯನ್ನು ಯಾರು ತೊಳೆದರು? ಡ್ರ್ಯಾಗನ್ ವ್ಯಕ್ತಿಯನ್ನು ಸುಡುತ್ತದೆ, ವ್ಯವಸ್ಥೆಯನ್ನು ಮುಟ್ಟುವುದಿಲ್ಲ. ಬಂಡವಾಳಶಾಹಿಯ ಹಿಡಿತ ಎಂದೂ ಸಡಿಲದು ಎಂಬಂತೆ ಕಾಣುತ್ತದೆ, ರಾಜರ ದೈವದತ್ತ ಹಕ್ಕೂ ಹಿಂದೆ ಹಾಗೇ ಕಾಣುತ್ತಿತ್ತು ಎಂಬ ಅರ್ಥದಲ್ಲಿ ಲೆ ಗ್ವಿನ್ 2014ರಲ್ಲಿ ಪ್ರಶಸ್ತಿ ಸಮಾರಂಭದಲ್ಲೇ ಪ್ರಕಾಶಕರ ಎದುರಿಗೆ ಹೇಳಿದರು. ಅಷ್ಟು ತಿಳಿದವರು ಕೂಡ ಈ ಪುಸ್ತಕದಲ್ಲಿ ಬಿಡುಗಡೆಗೆ ಆಕಾಶದ ಕಡೆ ನೋಡಿದ್ದಾರೆ.

ಅವರ ಪರವಾಗಿಯೂ ಎರಡು ಮಾತು ಹೇಳಲೇಬೇಕು. ಡ್ರ್ಯಾಗನ್ ತಾನಾಗಿ ಬರಲಿಲ್ಲ, ಮಗು ಕೂಗಿತು, ಅದಕ್ಕೆ ಬಂತು. ಮತ್ತೆ, ಟೆನಾರ್ ಆ ಮಗುವನ್ನು ಎತ್ತಿಕೊಂಡದ್ದು ಅದು ಯಾರ ಮಗಳು ಅಂತ ತಿಳಿದಲ್ಲ. ಯಾರಿಗೂ ಬೇಡವಾದ ಕೂಸು ಅಂತ ಎತ್ತಿಕೊಂಡಳು, ಉಣ್ಣಿಸಿದಳು, ಕೆಂಪು ಬಟ್ಟೆ ಹೊಲಿದುಕೊಟ್ಟಳು, ಹಾಡು ಕಲಿಸಿದಳು. ಪುಸ್ತಕದ ತೂಕವೆಲ್ಲ ಆ ಪುಟಗಳಲ್ಲಿದೆ, ಕೊನೆಯ ಬೆಂಕಿಯಲ್ಲಲ್ಲ.

ಇನ್ನೊಂದು ಗುಂಪಿನ ಜಗಳ ಬೇರೆ ತರದ್ದು. ಒಳ್ಳೆಯ ಸಾಹಸಕಥೆಗೆ ರಾಜಕೀಯ ಬೆರೆಸಿ ಕೆಡಿಸಿದರು ಎಂದು ಹಳೆಯ ಅಭಿಮಾನಿಗಳಲ್ಲಿ ಹಲವರು ಗೊಣಗಿದರು. ಆದರೂ ಈ ಪುಸ್ತಕಕ್ಕೆ ನೆಬ್ಯುಲಾ ಪ್ರಶಸ್ತಿ ಬಂತು ಅನ್ನೋದು ಬೇರೆ ಮಾತು. ನಾವು ಕೇಳುವುದಿಷ್ಟು: ಹೆಂಗಸರಿಗೆ ಬಾಗಿಲು ಮುಚ್ಚಿದ ಶಾಲೆಯನ್ನು ಬರೆದಾಗ ಅದು ರಾಜಕೀಯ ಆಗಿರಲಿಲ್ಲವೆ? ಬಾಗಿಲು ಮುಚ್ಚಿದ್ದು ಕಥೆ, ತಟ್ಟಿದ್ದು ರಾಜಕೀಯ ಎಂದರೆ ಯಾವ ನ್ಯಾಯ? ಮೊದಲ ಪುಸ್ತಕದಲ್ಲೇ ಅವರು ಗೆಡ್‌ನನ್ನು ಕೆಂಪುಗಂದು ಮೈಬಣ್ಣದವನಾಗಿ, ಅವನ ಗೆಳೆಯ ವೆಚ್‌ನನ್ನು ಕಪ್ಪು ಬಣ್ಣದವನಾಗಿ ಬರೆದಿದ್ದರು. ಬಿಳಿಯರು ಆ ಲೋಕದ ಅಂಚಿನ ದಾಳಿಕೋರರು. ಟೆನಾರ್ ಆ ಬಿಳಿಯರ ಪೈಕಿ, ಗಾಂಟ್‌ನಲ್ಲಿ ಪರದೇಶಿ. ಊರವರು ಅವಳಿಗಿಟ್ಟ ಕರೆಯುವ ಹೆಸರೇ ಬಲೆ ನೇಯುವ ಸಣ್ಣ ಬಿಳಿ ಜೇಡದ್ದು. ಇಷ್ಟಾದರೂ 2004ರಲ್ಲಿ ಟೆಲಿವಿಷನ್‌ಗೆ ಮಾಡಿದವರು ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಲೆ ಗ್ವಿನ್ ಲೇಖನ ಬರೆದು ಬಹಿರಂಗವಾಗಿ ಪ್ರತಿಭಟಿಸಿದರು. ಕಾಗದದ ಮೇಲಿನ ಕಪ್ಪನ್ನೂ ತೊಳೆದು ಬಿಳಿ ಮಾಡುವ ಕೈಗಳಿವೆ. ರಾಜಕೀಯ ಅಂದರೆ ಅದು.

ನೋವುಂಡವರ ಕಥೆಯನ್ನು ನೋವುಣ್ಣದವರು ಬರೆಯಬಹುದೆ ಎಂಬ ಹಳೆಯ ಪ್ರಶ್ನೆ ಇಲ್ಲೂ ಏಳುತ್ತದೆ. ಲೆ ಗ್ವಿನ್ ಪ್ರೊಫೆಸರರ ಮಗಳು. ತಂದೆ ಆಲ್‌ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞ. ಬಿಳಿಯರು ಕೊಂದು ಮುಗಿಸಿದ ಯಾಹಿ ಬುಡಕಟ್ಟಿನ ಕೊನೆಯವನೊಬ್ಬ 1911ರಲ್ಲಿ ಸಿಕ್ಕಾಗ, ಅವನನ್ನು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡವರಲ್ಲಿ ಕ್ರೋಬರ್ ಒಬ್ಬರು. ಅವನು ತನ್ನ ಹೆಸರು ಹೇಳಲಿಲ್ಲ, ಅವನ ಜನರಲ್ಲಿ ಹಾಗೆ ಹೇಳುವ ವಾಡಿಕೆಯಿರಲಿಲ್ಲ. 'ಇಶಿ', ಅಂದರೆ ಮನುಷ್ಯ, ಎಂದು ಇವರೇ ಕರೆದರು. 1916ರಲ್ಲಿ ಕ್ಷಯದಿಂದ ಸತ್ತ ಮೇಲೆ ಅವನ ಮೆದುಳನ್ನು ತೆಗೆದು ಬೇರೊಂದು ಸಂಸ್ಥೆಗೆ ಕಳಿಸಲಾಯಿತು. ಅದು ಬುಡಕಟ್ಟಿನ ಜನರ ಕೈಗೆ ವಾಪಸು ಬಂದದ್ದು 2000ದಲ್ಲಿ. ಬರ್ಕ್ಲಿಯ ಕಟ್ಟಡವೊಂದಕ್ಕಿದ್ದ ಕ್ರೋಬರ್ ಹೆಸರನ್ನು 2021ರಲ್ಲಿ ತೆಗೆದುಹಾಕಿದರು. ಇಶಿಯ ಬದುಕನ್ನು 1961ರಲ್ಲಿ ಪುಸ್ತಕವಾಗಿ ಬರೆದವರು ಲೆ ಗ್ವಿನ್ ಅವರ ತಾಯಿ ಥಿಯೊಡೋರಾ. ಇಂಥ ಮನೆಯಿಂದ ಬಂದ ಲೇಖಕಿಯ ಲೋಕದಲ್ಲಿ ನಿಜ ಹೆಸರನ್ನು ಯಾರಿಗೂ ಹೇಳಬಾರದು, ಹೇಳಿದರೆ ಪ್ರಾಣವನ್ನೇ ಕೊಟ್ಟ ಹಾಗೆ. ಕಾರಣ ಇದೇ ಎಂದು ನಾವು ಹೇಳುವುದಿಲ್ಲ. ಆದರೆ ಸುಟ್ಟ ಮಗುವಿನ ಒಳಗನ್ನು ಕೊನೆಯ ಅಧ್ಯಾಯದವರೆಗೆ ಮುಟ್ಟದೆ, ಹೊರಗೆ ನಿಂತು ಕಾದ ಬರವಣಿಗೆಯಲ್ಲಿ ಒಂದು ಮರ್ಯಾದೆ ಇದೆ. ತಿಳಿಯದ ನೋವನ್ನು ತಿಳಿದಂತೆ ನಟಿಸಿ ಕಣ್ಣೀರು ಮಾರುವ ಬರಹಗಾರರು ಇದನ್ನು ಕಲಿಯಲಿ.

'ಟೆಹಾನು'ವನ್ನು ಅರ್ತ್‌ಸೀಯ ಕೊನೆಯ ಪುಸ್ತಕ ಎಂದೇ ಅಚ್ಚು ಮಾಡಿದ್ದರು. ಪ್ರಶ್ನೆಗಳು ಮುಗಿಯಲಿಲ್ಲ. 2001ರಲ್ಲಿ ಒಂದು ಕಥಾಸಂಕಲನವೂ ಇನ್ನೊಂದು ಕಾದಂಬರಿಯೂ ಬಂದವು. ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಆಮೇಲೆ ಅವರನ್ನೇ ಹೊರಗೆ ಹಾಕಲಾಯಿತು ಎಂಬ ಚರಿತ್ರೆ ಆ ಸಂಕಲನದಲ್ಲಿ ಬಯಲಾಗುತ್ತದೆ. ಅನಾದಿಯಿಂದ ಹೀಗೇ ಇತ್ತು ಎಂಬ ಮಾತು ಎಲ್ಲ ಕಡೆಯೂ ಸುಳ್ಳೇ. ಕಾದಂಬರಿಯಲ್ಲಿ ಟೆಹಾನು ಕೊನೆಗೆ ಡ್ರ್ಯಾಗನ್ ಆಗಿ ಹಾರುತ್ತಾಳೆ, ಸತ್ತವರ ನಾಡಿಗೆ ಹಾಕಿದ್ದ ಕಲ್ಲುಗೋಡೆ ಒಡೆಯುತ್ತದೆ. ಆ ಗೋಡೆ ಎದ್ದದ್ದು ಸಾವನ್ನು ಗೆಲ್ಲಬೇಕೆಂದು ಮಾಂತ್ರಿಕರು ಡ್ರ್ಯಾಗನ್‌ಗಳ ನೆಲವನ್ನು ಕಿತ್ತುಕೊಂಡದ್ದರಿಂದ. 1990ರಲ್ಲಿ ಒಬ್ಬ ಮಾಂತ್ರಿಕ ಸುಟ್ಟಿದ್ದ, 2001ಕ್ಕೆ ಮಾಂತ್ರಿಕರ ಒತ್ತುವರಿಯೇ ಬಯಲಿಗೆ ಬಂತು. ನಮ್ಮ ಆಕ್ಷೇಪಕ್ಕೆ ಲೇಖಕಿ ಕೊಟ್ಟ ಅರ್ಧ ಉತ್ತರ ಅಂತ ಇದನ್ನು ತಗೋಬಹುದು. ಹೊಲದ ಕಾನೂನಿನ ಪ್ರಶ್ನೆ ಹಾಗೇ ಬಾಕಿ ಇದೆ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮನವಿ. ಈ ಪುಸ್ತಕದ ಇಂಗ್ಲಿಷು ಸರಳ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಬಹುದು. ಮಗುವಿನ ಮೇಲಾದ ಹಿಂಸೆ ಇದರಲ್ಲಿದೆ, ಹಾಗಾಗಿ ಎಳೆಯ ಮಕ್ಕಳಿಗೆ ನೇರ ಓದಿ ಹೇಳುವುದು ಬೇಡ. ಮೊದಲು ನೀವು ಓದಿ, ದೊಡ್ಡ ಹುಡುಗ ಹುಡುಗಿಯರಿಗೆ ಕಥೆ ಹೇಳಿ. ಆಮೇಲೆ ಅವರಿಗೆ ಗೊತ್ತಿರುವ ಯಾವುದಾದರೂ ರಾಜನ ಕಥೆಯನ್ನು ಮುಂದುವರಿಸಲು ಹೇಳಿ: ಪಟ್ಟಾಭಿಷೇಕದ ಮರುದಿನ ಬೆಳಿಗ್ಗೆ ಏನಾಯಿತು? ಯಾವ ಮಗು ಎಲ್ಲಿಂದ ಕಥೆ ಶುರುಮಾಡುತ್ತದೆ, ಯಾರ ಕೈಗೆ ಪೊರಕೆ ಕೊಡುತ್ತದೆ, ಯಾರನ್ನು ಮರೆಯುತ್ತದೆ, ನೋಡಿ. ವಿಮರ್ಶೆ ಅನ್ನೋದು ಅಲ್ಲಿಂದ ಶುರುವಾಗುತ್ತದೆ.